ಕೊಟ್ರಬಸಮ್ಮ ಮೋಟಾರು ಬಿಚ್ಚಿದ ದಿನ

ಚಿತ್ತವಾಡ್ಗಿಗೆ ಬಂದ ಮೇಲೆ ಕೊಟ್ರಬಸಮ್ಮನಿಗೆ ರೊಟ್ಟಿ ಕೊಟ್ರಮ್ಮ ಎಂಬ ಹೆಸರು ಬಿತ್ತು. ಬೆಳಕು ಹರಿಯುವಷ್ಟರಲ್ಲಿ ಅವಳ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಓಣಿಗೆಲ್ಲ ಕೇಳುತ್ತಿತ್ತು. ಬುಟ್ಟಿ ತುಂಬಿದ ರೊಟ್ಟಿ ಹೊಸಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಗೆ ಹೋಗುತ್ತಿತ್ತು. ಹರಿದವು, ಹೊತ್ತಿದವು ಮನೆಗೆ ಉಳಿಯುತ್ತಿದ್ದವು. ಐವತ್ತರ ಆಸುಪಾಸಿನ, ಮಾತು ಕಡಿಮೆಯ, ಸಿಟ್ಟು ಬೇಗ ಬರುವ ಹೆಂಗಸು. ಅವಳು ಒಂದು ಕಾಲಕ್ಕೆ ತುಂಗಭದ್ರೆಯ ಹಿನ್ನೀರಿನಲ್ಲಿ ಬಲೆ ಎಳೆದವಳು ಎಂಬುದು ಓಣಿಯಲ್ಲಿ ಬಹಳ ಮಂದಿಗೆ ಗೊತ್ತಿರಲಿಲ್ಲ.

ಅವಳ ಗಂಡ ಜಡೆಪ್ಪ ಮರಿಯಮ್ಮನಹಳ್ಳಿ ಕಡೆಯ ಹಿನ್ನೀರಿನ ದಂಡೆಯಲ್ಲಿ ದೋಣಿ ನಡೆಸುತ್ತಿದ್ದ. ಅಲ್ಲಿ ಉಳಿದವರದೆಲ್ಲ ತೆಪ್ಪ, ಇವನದೊಂದೇ ಮೋಟಾರು ದೋಣಿ. ದೋಣಿಯ ಹಿಂದಿನ ಹಲಗೆಗೆ ಕಚ್ಚಿಸುವ ಸಣ್ಣ ಪೆಟ್ರೋಲ್ ಮೋಟಾರು ಅದು. ಮಲ್ಪೆಯ ಮೀನುಗಾರನೊಬ್ಬ ಬಳಸಿ ಬಿಟ್ಟದ್ದನ್ನು ತಂದಿದ್ದ. ಬಣ್ಣ ಹೋಗಿ ಅಲ್ಯೂಮಿನಿಯಂ ಕಾಣುತ್ತಿತ್ತು. ಕೆಟ್ಟಾಗಲೆಲ್ಲ ಜಡೆಪ್ಪನೇ ಬಿಚ್ಚುತ್ತಿದ್ದ, ಜಡೆಪ್ಪನೇ ಕೂಡಿಸುತ್ತಿದ್ದ. ಕೊಟ್ರಬಸಮ್ಮ ಪಕ್ಕದಲ್ಲಿ ಕೂತು ಬಲೆ ಹೊಲಿಯುತ್ತ ಕೇಳಿದ್ದನ್ನು ಎತ್ತಿಕೊಡುತ್ತಿದ್ದಳು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ನಡುನೀರಿನಲ್ಲಿ, ಮೋಟಾರಿನ ಹಗ್ಗ ಜಗ್ಗುತ್ತಿದ್ದ ಜಡೆಪ್ಪ ಹಾಗೆಯೇ ಬಗ್ಗಿ ದೋಣಿಯೊಳಗೆ ಬಿದ್ದ. ಲಕ್ವಾ ಹೊಡೆದಿತ್ತು. ಅವತ್ತು ದೋಣಿಯನ್ನು ದಂಡೆಗೆ ತಂದವಳು ಅವಳೇ. ಬಲಗೈ, ಬಲಗಾಲು ಹೋದವು; ಮಾತೂ ಹೋಯಿತು. ಒಂದೇ ಒಂದು ಶಬ್ದ ಉಳಿಯಿತು: ‘ಆಮ್ಯಾಲ’. ನೀರು ಬೇಕಾದರೂ ಆಮ್ಯಾಲ, ಬೇಡವಾದರೂ ಆಮ್ಯಾಲ, ಅಳು ಬಂದರೂ ಆಮ್ಯಾಲ. ತಲೆಯೊಳಗೆ ಎಲ್ಲ ಇದೆ, ಬಾಯಿಗೆ ಬರುತ್ತಿಲ್ಲ ಎಂದು ಡಾಕ್ಟರು ಹೇಳಿದ್ದರು. ಆಸ್ಪತ್ರೆಗೆ ಹತ್ತಿರವಾಗಲಿ ಎಂದು ಅವರು ಚಿತ್ತವಾಡ್ಗಿಗೆ ಬಂದರು. ದೋಣಿ ದಂಡೆಯಲ್ಲಿ ಮಗುಚಿ ಬಿದ್ದಿತು. ಮೋಟಾರು ಮಾತ್ರ ಗೋಣಿಚೀಲ ಸುತ್ತಿಕೊಂಡು ಇವರ ಜೊತೆ ಬಂದು ಬಚ್ಚಲಿನ ಪಕ್ಕದ ಮೂಲೆ ಸೇರಿತು. ಕೊಟ್ರಬಸಮ್ಮ ಆ ಕಡೆ ನೋಡುತ್ತಿರಲಿಲ್ಲ. ಅದನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ಒಮ್ಮೆ ಬಾಯಿ ತೆರೆದಾಗ ಜಡೆಪ್ಪ ಎಡಗೈಲಿ ಊಟದ ತಟ್ಟೆ ಎತ್ತಿ ಗೋಡೆಗೆ ಒಗೆದಿದ್ದ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ಅವಳು ಇನ್ನೂ ಒಲೆಯ ಮುಂದಿದ್ದಾಗ ತಮ್ಮ ಉಜ್ಜಿನಪ್ಪನ ಫೋನು ಬಂತು. ಗಾಳಿಯ ಸದ್ದೇ ಹೆಚ್ಚು ಕೇಳುತ್ತಿತ್ತು.

“ಅಕ್ಕಾ, ದಾರಿ ಮುಚ್ಚೇತಿ. ನಾಲ್ಕೂ ಕಡಿ ನೀರು.”

“ಎಲ್ಲದೀಯ ನೀನು?”

“ದಿಬ್ಬದ ಮ್ಯಾಲ. ಜಂಬಮ್ಮನೂ ಇಲ್ಲೇ ಅದಾಳ. ಕುರಿ ಎಲ್ಲಾ ಇಲ್ಲೇ ಅದಾವ.”

ಅವಳಿಗೆ ಆ ದಿಬ್ಬ ಗೊತ್ತಿತ್ತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ತಳವೆಲ್ಲ ಹುಲ್ಲುಗಾವಲಾಗುತ್ತದೆ. ಉಜ್ಜಿನಪ್ಪ ಪ್ರತಿ ವರ್ಷ ಹೆಂಡತಿ ಜಂಬಮ್ಮನ ಜೊತೆ ಅಲ್ಲಿ ಕುರಿ ಬಿಡುತ್ತಿದ್ದ, ಮಳೆ ಹಿಡಿದರೆ ಹೊರಗೆ ಬಂದುಬಿಡುತ್ತಿದ್ದ. ಈ ವರ್ಷ ನೀರು ತಡವಾಯಿತು. ಕುರಿ ಮರಿ ಹಾಕುತ್ತಿದ್ದವು, ಎಳೆ ಮರಿಗಳನ್ನು ನಡೆಸುವುದು ಹೇಗೆ ಎಂದು ಇವನೂ ತಡ ಮಾಡಿದ. ಅಷ್ಟರಲ್ಲಿ ಮೇಲಿನ ಸೀಮೆಯಲ್ಲಿ ಮಳೆ ಹೊಡೆದು, ನೀರು ಸದ್ದಿಲ್ಲದೆ ಏರಿ, ದಿಬ್ಬಕ್ಕೂ ದಂಡೆಗೂ ನಡುವಿದ್ದ ಕಾಲುದಾರಿಯನ್ನು ನುಂಗಿತ್ತು. ಡ್ಯಾಮು ಪೂರ್ತಿ ತುಂಬಿದರೆ ಆ ದಿಬ್ಬವೂ ಇರುವುದಿಲ್ಲ.

ಅವಳು ಅಗ್ನಿಶಾಮಕದವರಿಗೆ ಫೋನು ಮಾಡಿದಳು. ಡ್ಯಾಮಿನ ಗೇಟು ಎತ್ತಿದ್ದರಿಂದ ಕಂಪ್ಲಿ ಸೇತುವೆ ಮುಳುಗಿ, ಅಲ್ಲಿ ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗಿತ್ತು. ಇದ್ದ ಬೋಟುಗಳೆಲ್ಲ ಅಲ್ಲಿದ್ದವು. “ಅಲ್ಲಿ ಮಂದೀನ ತೆಗೀಲಿಕತ್ತೀವಮ್ಮ. ಮುಗಿದ ಕೂಡ್ಲೆ ಬರ್ತೀವಿ. ಸಂಜೀಕ ಆಗಬಹುದು, ನಾಳಿಗೂ ಆಗಬಹುದು,” ಎಂದ ಅಲ್ಲಿದ್ದವನ ದನಿಯೂ ಸೋತಿತ್ತು. ದಂಡೆಯ ಮೀನುಗಾರ ಗಾದಿಲಿಂಗನಿಗೆ ಮಾಡಿದರೆ, ಪಶ್ಚಿಮದ ಗಾಳಿಗೆ ತೆರೆ ಎದ್ದು ತೆಪ್ಪ ಬುಗುರಿಯಂತೆ ತಿರುಗುತ್ತಿದೆ, ಒಬ್ಬರು ಹೋಗಿ ಅರ್ಧಕ್ಕೇ ವಾಪಸ್ ಬಂದರು ಎಂದ. “ಮೋಟರ್ ದೋಣಿ ಇದ್ರ ಹೋಗಬೋದಿತ್ತು ನೋಡವ್ವ,” ಎಂದು ಸೇರಿಸಿದ.

ಕೊಟ್ರಬಸಮ್ಮ ಒಲೆ ಆರಿಸಿದಳು. ಹಿಟ್ಟಿನ ಕೈಯಲ್ಲೇ ಬಚ್ಚಲ ಮೂಲೆಗೆ ಹೋಗಿ ಗೋಣಿಚೀಲ ಹಿಡಿದು ಎಳೆದಳು. ಮೋಟಾರು ಅವಳು ನೆನಪಿಟ್ಟುಕೊಂಡಿದ್ದಕ್ಕಿಂತ ಭಾರವಾಗಿತ್ತು. ಹೊರಗಿನ ಹೊರಸಿನ ಮೇಲೆ ಕೂತಿದ್ದ ಜಡೆಪ್ಪ ಅವಳನ್ನು, ಅದನ್ನು, ಮತ್ತೆ ಅವಳನ್ನು ನೋಡಿದ. ಅವಳು ವಿಷಯ ಹೇಳಿದಳು. ಹೇಳಿ ಮುಗಿಸುವ ಮೊದಲೇ ಅವನು ಎಡಗೈಲಿ ಹೊರಸಿನ ಅಂಚು ಹಿಡಿದು ಎದ್ದು ನಿಲ್ಲಲು ಹವಣಿಸುತ್ತಿದ್ದ.

ಎದುರು ಮನೆಯ ಮಲ್ಲೇಶ್ ಗೂಡ್ಸ್ ಆಟೋ ನಡೆಸುವವನು. ಯಶವಂತನಗರದ ಗಣಿ ಲಾರಿಗಳಲ್ಲಿ ಕ್ಲೀನರ್ ಆಗಿದ್ದ ಕಾಲದಿಂದ ಸ್ಪ್ಯಾನರ್ ಹಿಡಿದು ಗೊತ್ತಿತ್ತು. ಕರೆದ ಕೂಡಲೇ ಟೂಲ್ಸ್ ಡಬ್ಬಿ ಹಿಡಿದು ಬಂದ, ಪೆಟ್ರೋಲು, ಆಯಿಲು ತಂದ. ಇಬ್ಬರೂ ಸೇರಿ ಬಚ್ಚಲ ಮುಂದಿನ ನೀಲಿ ಡ್ರಮ್ಮಿಗೆ ದಪ್ಪ ಹಲಗೆಯೊಂದನ್ನು ಹಗ್ಗದಿಂದ ಬಿಗಿದು ಅದಕ್ಕೆ ಮೋಟಾರು ಕಚ್ಚಿಸಿದರು. ನೀರು ತಳ್ಳುವ ಕೆಳಗಿನ ಫ್ಯಾನು ಡ್ರಮ್ಮಿನ ನೀರಿನೊಳಗೆ ಇಳಿಯಿತು. ಮಲ್ಲೇಶ್ ಹಗ್ಗ ಜಗ್ಗಿದ. ಗರ್ ಎಂದು ತಿರುಗಿ ನಿಂತಿತು. ಮತ್ತೆ ಜಗ್ಗಿದ. ಅಷ್ಟೇ.

“ಗ್ಯಾರೇಜಿಗೆ ಒಯ್ಯೋಣಕ್ಕ.”

“ಯಾವ ಗ್ಯಾರೇಜಿನಾಗ ದೋಣಿ ಮೋಟರ್ ಮಾಡ್ತಾರ ಇಲ್ಲಿ? ಅವರು ನೋಡಿ ತಿಳ್ಕೊಳ್ಳೋದ್ರಾಗ ಹೊತ್ತು ಮುಳುಗತೈತಿ. ಇವರನ್ನ ಕೇಳೋಣು.”

“ಜಡೆಪ್ಪಣ್ಣ ಏನ್ ಹೇಳ್ತಾನಕ್ಕ ಪಾಪ.”

“ಹೇಳಾಕ ಬರಂಗಿಲ್ಲ. ಗೊತ್ತಿಲ್ಲ ಅಂತಲ್ಲ.”

ಹೊರಸನ್ನು ಡ್ರಮ್ಮಿನ ಹತ್ತಿರ ಎಳೆದರು. ಜಡೆಪ್ಪ ತನ್ನ ಎದೆಗೆ ಬೆರಳು ಚುಚ್ಚಿಕೊಂಡು, ನಂತರ ಮೋಟಾರಿನ ಪ್ಲಗ್ಗಿನ ಕಡೆ ತೋರಿಸಿದ. ಮೊದಲು ಕಿಡಿ ಇದೆಯೇ ನೋಡಬೇಕು. ಕೊಟ್ರಬಸಮ್ಮ ಪ್ಲಗ್ ಬಿಚ್ಚಿ, ಕರಿ ಕೆರೆದು, ವಯರಿಗೆ ಸಿಕ್ಕಿಸಿ ಮೋಟಾರಿನ ಮೈಗೆ ತಾಗಿಸಿ ಹಿಡಿದಳು. ಹಗಲ ಬೆಳಕಲ್ಲಿ ಕಾಣದೆಂದು ತಲೆಯ ಮೇಲೆ ಗೋಣಿಚೀಲ ಹೊದ್ದುಕೊಂಡು ನೋಡಿದಳು. ಮಲ್ಲೇಶ್ ಜಗ್ಗಿದ. ಚೀಲದೊಳಗೆ ಕತ್ತಲೆಯೇ ಇತ್ತು.

ಜಡೆಪ್ಪ ಮೇಲಿನ ದಪ್ಪ ಚಕ್ರದ ಕಡೆ ಕೈ ಮಾಡಿದ. ಅವಳು ಚಕ್ರದ ನಟ್ಟಿಗೆ ಸ್ಪ್ಯಾನರ್ ಹಾಕಿದಳು.

“ಆಮ್ಯಾಲ.”

“ಆಮ್ಯಾಲ ಬಿಚ್ಚು ಅಂತಾನ,” ಎಂದ ಮಲ್ಲೇಶ್.

“ಆಮ್ಯಾಲ. ಆಮ್ಯಾಲ,” ಜಡೆಪ್ಪನ ಕುತ್ತಿಗೆಯ ನರ ಉಬ್ಬಿತು. ಹೊರಸಿಗೆ ಗುದ್ದಿದ.

“ಅವರ ಬಾಯಿ ಕೇಳಬ್ಯಾಡ, ಕೈ ನೋಡು,” ಎಂದಳು ಅವಳು. ಎರಡು ವರ್ಷದಲ್ಲಿ ಅವಳು ಕಲಿತದ್ದು ಅದನ್ನೇ. ಜಡೆಪ್ಪ ಹೆಬ್ಬೆರಳು, ತೋರುಬೆರಳು ಕೂಡಿಸಿ ಉಂಗುರ ಮಾಡಿ, ಅದನ್ನು ಕಣ್ಣಿಗೆ ಹಿಡಿದು, ಕೈಯನ್ನು ಮೆಲ್ಲಗೆ ತಿರುಗಿಸಿದ. ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಮಾಡಿದ. ತೂತು. ತೂತಿನಲ್ಲಿ ನೋಡು. ತಿರುಗಿಸು. ಅವಳು ಚಕ್ರವನ್ನು ಕೈಯಿಂದ ತಿರುಗಿಸುತ್ತ ಹೋದಳು. ಅದರ ಮೈಯಲ್ಲಿ ಕಿಟಕಿಯಂಥ ಒಂದು ಸೀಳು ಎದುರಿಗೆ ಬಂತು. ಒಳಗೆ ಎರಡು ಸಣ್ಣ ಲೋಹದ ತುದಿಗಳು ಒಂದಕ್ಕೊಂದು ಮುಟ್ಟುತ್ತಿದ್ದವು, ಮೇಲೆ ಹಸಿರು ಬೂಷ್ಟು.

“ಪಾಯಿಂಟ್,” ಎಂದ ಮಲ್ಲೇಶ್, “ಕಿಡಿ ಇಲ್ಲಿಂದನ ಬರೋದು. ಚಕ್ರ ಬಿಚ್ಚೋದ ಬ್ಯಾಡ.”

ಒಲೆಯ ಹತ್ತಿರವಿದ್ದ ಬೆಂಕಿಪೊಟ್ಟಣದ ಗೀರುವ ಪಟ್ಟಿ ಹರಿದು, ಮಡಚಿ, ಸೀಳಿನಲ್ಲಿ ತೂರಿಸಿ ಅವಳು ಆ ತುದಿಗಳನ್ನು ಉಜ್ಜಿದಳು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯೆಳೆಯಿಂದ ಒರೆಸಿದಳು. ಮತ್ತೆ ಚೀಲ ಹೊದ್ದಾಗ, ಅಂಗೈಯೊಳಗೆ ನೀಲಿ ಕಿಡಿ ಟಿಕ್ಕೆಂದು ಹಾರಿತು. ಅವಳು ಚೀಲದಿಂದ ಹೊರಗೆ ಬಂದಳು. ಅವಳ ಮುಖ ನೋಡಿಯೇ ಜಡೆಪ್ಪ ತಲೆ ಆಡಿಸಿ, ಮುಂದಿನದನ್ನು ತೋರಿಸಿದ.

ಮುಂದಿನದು ಕಾರ್ಬೊರೇಟರು. ಲಕ್ವಾ ಹೊಡೆದ ದಿನ ಅದರಲ್ಲಿ ಉಳಿದ ಪೆಟ್ರೋಲನ್ನು ಯಾರೂ ತೆಗೆದಿರಲಿಲ್ಲ. ಬಟ್ಟಲು ಬಿಚ್ಚಿದರೆ ತಳದಲ್ಲಿ ಕಾಕಂಬಿಯಂಥ ಅಂಟು ಕೂತಿತ್ತು, ಕಟುವಾದ ವಾಸನೆ. ನಡುವಿನ ಸಣ್ಣ ಹಿತ್ತಾಳೆಯ ಜೆಟ್ಟಿನ ತೂತು, ಪೆಟ್ರೋಲು ಹಾದುಹೋಗಬೇಕಾದ ತೂತು, ಕಾಣುತ್ತಲೇ ಇರಲಿಲ್ಲ. ವಯರಿನಿಂದ ಒಂದೇ ಎಳೆ ತಾಮ್ರ ಬಿಡಿಸಿ ಅವಳು ಅದನ್ನು ಚುಚ್ಚತೊಡಗಿದಳು.

ಅಷ್ಟರಲ್ಲಿ ಫೋನು. “ಅಕ್ಕಾ, ಗುಡಿಸಲದಾಗ ನೀರು ಬಂತು. ಬಂಡಿ ಕಡಿ ಸರಿದೀವಿ,” ಎಂದ ಉಜ್ಜಿನಪ್ಪ. ಅವನಿಗೆ ಬಂಡಿ ಎಂದರೆ ದಿಬ್ಬದ ತುದಿಯ ಬಂಡೆ. “ಯಾರರ ಬರ್ತಾರೇನು? ನನ್ನ ಫೋನಿನಾಗ ಚಾರ್ಜ್ ಇಲ್ಲ.”

“ನಾ ಬರ್ತೀನಿ.”

“ನೀ ಹ್ಯಾಂಗ ಬರ್ತಿ?”

“ಬರ್ತೀನಿ ಅಂದ್ನಲ್ಲ,” ಎಂದು ಅವಳು ಹೇಳುವುದರೊಳಗೆ ಅವನ ಫೋನು ಬಂದ್ ಆಯಿತು. ಅವಳು ಫೋನು ಕೆಳಗಿಡಲು ಬಗ್ಗಿದಳು. ಜೆಟ್ಟು ಬೆರಳಿನಿಂದ ಜಾರಿ, ಕಲ್ಲಿನ ಮೇಲೆ ಒಮ್ಮೆ ಪುಟಿದು, ಬಚ್ಚಲಿನ ಮೋರಿಗೆ ಬಿತ್ತು.

ಮೂವರೂ ಮೋರಿಯನ್ನೇ ನೋಡಿದರು. ಕಡಲೆಕಾಳಿನಷ್ಟು ಹಿತ್ತಾಳೆ. ಅದಿಲ್ಲದೆ ಮೋಟಾರಿಲ್ಲ, ಅಂಥದ್ದು ಹೊಸಪೇಟೆಯಲ್ಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮಲ್ಲೇಶ್ ತಲೆಯ ಮೇಲೆ ಕೈ ಹೊತ್ತು ಕೂತ. ಜಡೆಪ್ಪ ಕಣ್ಣು ಮುಚ್ಚಿಕೊಂಡ. ಕೊಟ್ರಬಸಮ್ಮ ಸೀರೆ ಎತ್ತಿ ಕಟ್ಟಿ, ಮೋರಿಯ ಬಾಯಿಗೆ ಬಟ್ಟೆ ತುರುಕಿ, ಕೈ ಹಾಕಿ ಕೆಸರು ಎತ್ತಿ ಎತ್ತಿ ಪರಾತಕ್ಕೆ ಹಾಕಿದಳು. ಒಳಗಿನಿಂದ ಹಿಟ್ಟು ಜರಡಿ ತಂದಳು. ಕೆಸರನ್ನು ಹಿಡಿ ಹಿಡಿಯಾಗಿ ಜರಡಿಗೆ ಸುರಿದು ಮೇಲೆ ನೀರು ಹಾಕಿದಳು. ಅನ್ನದ ಅಗುಳು, ಕೂದಲು, ಸೋಪಿನ ಚೂರು. ಮತ್ತೊಂದು ಹಿಡಿ. ಒಂದು ಗುಂಡಿ, ಮುರಿದ ಬಳೆ. ಇನ್ನೊಂದು ಹಿಡಿ. ಅವಳು ಉಸಿರು ಬಿಗಿಹಿಡಿದು ಜರಡಿ ಆಡಿಸುತ್ತಿದ್ದಳು. ಕೆಸರು ಮುಗಿಯುತ್ತ ಬಂದಾಗ ಜರಡಿಯ ಅಂಚಿನಲ್ಲಿ ಹಳದಿಯದೇನೋ ಮಿಣುಕಿತು.

ಜೆಟ್ಟು ತೊಳೆದು, ಆಕಾಶಕ್ಕೆ ಹಿಡಿದು, ತೂತಿನಲ್ಲಿ ಬೆಳಕು ಕಾಣುವ ತನಕ ಚುಚ್ಚಿದಳು. ಈ ಸಲ ತೊಡೆಯ ಮೇಲೆ ಸೆರಗು ಹಾಸಿಕೊಂಡಿದ್ದಳು.

ಎಲ್ಲ ಕೂಡಿಸಿ, ಹೊಸ ಪೆಟ್ರೋಲಿಗೆ ಆಯಿಲು ಬೆರೆಸಿ ಹಾಕಿ ಜಗ್ಗಿದಾಗ ಮೋಟಾರು ಕೆಮ್ಮಿತು. ಎರಡನೆಯ ಸಲ ಒಂದಿಷ್ಟು ಓಡಿ ನಿಂತಿತು. ಮೂರನೆಯ ಸಲ ಬಿಳಿ ಹೊಗೆ ಉಗುಳುತ್ತ ಹಿಡಿಯಿತು. ಡ್ರಮ್ಮಿನ ನೀರು ಕುದಿಯುವ ಹಾಗೆ ಚಿಮ್ಮಿ ಮೂವರ ಮೇಲೂ ಬಿತ್ತು. ಓಣಿಯ ಮಂದಿ ಬಾಗಿಲಿಗೆ ಬಂದರು.

“ಆತು ನೋಡಕ್ಕ, ಗಾಡಿಗೆ ಹಾಕಾಣು ನಡಿ,” ಮಲ್ಲೇಶ್ ಆಗಲೇ ಹಗ್ಗ ಬಿಚ್ಚತೊಡಗಿದ್ದ.

ಧಡ್ ಧಡ್ ಎಂದು ಸದ್ದು ಕೇಳಿತು. ಜಡೆಪ್ಪ ಊರುಗೋಲಿನಿಂದ ಹೊರಸು ಬಡಿಯುತ್ತಿದ್ದ. ಬಾಯಿಯ ತುಂಬ ಆಮ್ಯಾಲ, ಆಮ್ಯಾಲ, ಕಣ್ಣಲ್ಲಿ ಹೆದರಿಕೆ. ಊರುಗೋಲು ಮೋಟಾರಿನ ಹಿಂಭಾಗ ತೋರಿಸುತ್ತಿತ್ತು. ಕೊಟ್ರಬಸಮ್ಮ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ್ದೇ ತಪ್ಪು ಎಂದು ಹೊಳೆದ ಕೂಡಲೇ ಅವಳು ಮೋಟಾರು ನಿಲ್ಲಿಸಿದಳು.

“ಉಚ್ಚಿ ಹೊಯ್ಯವಲ್ದು,” ಎಂದಳು.

ಮಲ್ಲೇಶ್ ಬೆಪ್ಪಾಗಿ ನೋಡಿದ. ಅವಳು ವಿವರಿಸಿದಳು: ಮೋಟಾರು ಕೆಳಗಿನಿಂದ ನೀರು ಎಳೆದುಕೊಂಡು ತನ್ನ ಮೈ ತಂಪು ಮಾಡಿಕೊಳ್ಳುತ್ತದೆ, ಆ ನೀರು ಹಿಂದಿನ ಸಣ್ಣ ತೂತಿನಿಂದ ಧಾರೆಯಾಗಿ ಬೀಳಬೇಕು. ಬೀಳದಿದ್ದರೆ ಕಾದು, ನಡುನೀರಿನಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ನೀರೆತ್ತುವ ರಬ್ಬರಿನ ಚಕ್ರ ಹರಿದಿದ್ದರೆ ಮಾಡಲು ಏನೂ ಇಲ್ಲ. ಆ ರಬ್ಬರು ಮಂಗಳೂರಿನಿಂದ ಬರಬೇಕು. ತೂತು ಕಟ್ಟಿದ್ದರೆ ಮಾತ್ರ ದಾರಿ ಇದೆ.

ಅವಳು ತಂತಿ ತೂರಿಸಿದಳು. ಒಂದು ಬೆರಳಷ್ಟು ಹೋಗಿ ತಡೆಯಿತು. ತಿರುವಿ ತಿರುವಿ ಎಳೆದಾಗ ತಂತಿಯ ತುದಿಗೆ ಒಣಮಣ್ಣು ಬಂತು. ಕುಂಬಾರ ಹುಳ ಒಳಗೆ ಗೂಡು ಕಟ್ಟಿತ್ತು. ಮಣ್ಣು ಪುಡಿಪುಡಿಯಾಗಿ ಉದುರುವ ತನಕ ಕೆದಕಿ, ಬಾಯಿ ಹಚ್ಚಿ ಊದಿ, ಮತ್ತೆ ಮೋಟಾರು ಹಚ್ಚಿದಳು. ಮೊದಲು ಕೆಂಪು ಹನಿ ತೊಟ್ಟಿಕ್ಕಿತು. ಆಮೇಲೆ ದಾರದಂಥ ಧಾರೆ. ಅದು ಬರಬರುತ್ತ ಬೆಳ್ಳಗಾಗಿ, ಡ್ರಮ್ಮಿನ ಅಂಚು ದಾಟಿ ಬಚ್ಚಲ ಕಲ್ಲಿನ ಮೇಲೆ ಬಿತ್ತು. ಜಡೆಪ್ಪ ಊರುಗೋಲು ಕೆಳಗಿಟ್ಟ.

ಮೋಟಾರು ಆಟೋಗೆ ಏರಿಸಿದಾಗ ಅವನು ಅದರ ಹಿಡಿಕೆಯನ್ನು ಎಡಗೈಲಿ ಹಿಡಿದುಕೊಂಡು ಬಿಡಲಿಲ್ಲ.

“ನೀವು ಬ್ಯಾಡ್ರಿ. ನೀರಿನಾಗ ನಿಮ್ಮನ್ನ ನೋಡ್ಲೋ, ಅವರನ್ನ ನೋಡ್ಲೋ?”

ಅವನು ತಲೆ ಎತ್ತಲಿಲ್ಲ. ಬಿಡಲೂ ಇಲ್ಲ. ಬಿಡಿಸಲು ಅವಳಿಗೆ ಮನಸ್ಸು ಬರಲಿಲ್ಲ. “ದಂಡಿ ತನಕ ಬರ್ರಿ, ದೋಣಿ ಹತ್ತಂಗಿಲ್ಲ,” ಎಂದಳು. ಅವನು ತಲೆ ಆಡಿಸಿದ.

ಹಿನ್ನೀರಿನ ದಂಡೆ ತಲುಪಿದಾಗ ಮಧ್ಯಾಹ್ನ ಇಳಿದಿತ್ತು. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಬೇಸಿಗೆಯಲ್ಲಿ ಅವಳು ನಡೆದಾಡಿದ್ದ ನೆಲದ ಮೇಲೆ ಕಂದು ನೀರು, ನೀರಿನಿಂದ ಹೊರಗೆ ಜಾಲಿಗಿಡಗಳ ನೆತ್ತಿ. ಅವಳ ಫೋನು ಬಂದ ಕೂಡಲೇ ಗಾದಿಲಿಂಗ ಮತ್ತು ಉಳಿದವರು ಜಡೆಪ್ಪನ ದೋಣಿಯನ್ನು ತೊಳೆದು ನೀರಿಗೆ ಇಳಿಸಿದ್ದರು. “ನಾ ಮುಂದ ಕುಂದ್ರತೀನವ್ವ, ಗಳ ಹಿಡ್ಕೊಂಡು. ಮುಳ್ಳಿನಾಗ ಸಿಕ್ರ ಒಬ್ಬಾಕಿ ಏನ್ ಮಾಡ್ತಿ,” ಎಂದು ಆ ಮುದುಕ ತಾನೇ ಹತ್ತಿದ. ಅವಳು ಬೇಡ ಎನ್ನಲಿಲ್ಲ.

ತೆರೆ ದೋಣಿಯ ಮೂತಿಯನ್ನು ಎತ್ತಿ ಎತ್ತಿ ಬಡಿಯಿತು. ಅವಳು ಅರ್ಧ ಕಣ್ಣು ಮುಂದಿನ ದಾರಿಗೆ, ಅರ್ಧ ಕಣ್ಣು ಹಿಂದಿನ ನೀರಿನ ಧಾರೆಗೆ ಇಟ್ಟು ನಡೆಸಿದಳು. ಧಾರೆ ಬೀಳುತ್ತಿತ್ತು. ದಿಬ್ಬ ಕಂಡಾಗ ಅದು ದಿಬ್ಬವಾಗಿ ಉಳಿದಿರಲಿಲ್ಲ. ಒಂದು ಬಂಡೆ, ಅದರ ಸುತ್ತ ಒತ್ತೊತ್ತಾಗಿ ನಿಂತ ಕುರಿಗಳು, ಅವುಗಳ ಕಾಲು ಮುಟ್ಟುವ ನೀರು. ಜಂಬಮ್ಮ ಸೆರಗಿನ ಜೋಳಿಗೆಯಲ್ಲಿ ಎಳೆ ಮರಿಗಳನ್ನು ಕಟ್ಟಿಕೊಂಡು ಬಂಡೆಯ ಮೇಲೆ ಕೂತಿದ್ದಳು. ಅವಳು ದೋಣಿ ಹತ್ತಿದಳು. ಉಜ್ಜಿನಪ್ಪ ಹತ್ತಲಿಲ್ಲ.

“ಅಕಿನ್ನ ಬಿಟ್ಟು ಬಾ. ನಾ ಇವನ್ನ ಬಿಟ್ಟು ಬರಂಗಿಲ್ಲ.”

“ಇನ್ನೊಂದ್ಸಲ ಬರೋತನಕ ಬಂಡಿ ಇರತೈತೇನು? ಹತ್ತು ಸುಮ್ನ.”

“ಅಕ್ಕಾ, ನೀ ನನ್ನ ಜಾಗದಾಗ ನಿಂತು ನೋಡು.” ಅವನು ಕುರಿಗಳ ಕಡೆ ತಿರುಗಿದ. ಆಮೇಲೆ ತಾನೇ ಹೇಳಿದ: “ಟಗರು ದೋಣ್ಯಾಗ ಹಾಕೋಣು. ಅದು ಮುಂದ ಹೋದ್ರ ಇವೆಲ್ಲಾ ಹಿಂದ ಈಸ್ತಾವ. ತೆಂಕಣ ದಂಡಿ ಹತ್ರ ಐತಿ. ಆದ್ರ ನೀ ಭಾಳ ಸಾವಕಾಶ ಹೋಗಬೇಕು, ಅವುಕ್ಕ ಕಾಣಂಗ.”

“ಸಾವಕಾಶ ಹೋದ್ರ ಈ ಮೋಟರ್ ನಿಲ್ಲತೈತಿ.”

“ನಿಲ್ಲಂಗ ನೋಡ್ಕೊ.”

ಗಾದಿಲಿಂಗ ಇಬ್ಬರ ಮುಖವನ್ನೂ ನೋಡಿ, ಟಗರಿನ ಕೊಂಬಿಗೆ ಕೈ ಹಾಕಿದ. ಉಜ್ಜಿನಪ್ಪ ಹಿಂದಿನಿಂದ ನೂಕಿದ, ತಾನೂ ಹತ್ತಿದ. ದೋಣಿ ಬಾಯಿ ತನಕ ನೀರಿಗೆ ಇಳಿಯಿತು.

ಅವಳು ಹೊರಟಳು. ಉಜ್ಜಿನಪ್ಪ ದೋಣಿಯಿಂದ ಹಿಂದಕ್ಕೆ ತಿರುಗಿ ತನ್ನ ಕೂಗು ಹಾಕಿದ. ಟಗರು ಅರಚಿತು. ಒಂದು ಕುರಿ ನೀರಿಗೆ ಧುಮುಕಿತು, ಅದರ ಹಿಂದೆ ಇನ್ನೊಂದು, ಆಮೇಲೆ ಬಂಡೆಯೇ ಕರಗಿ ಹರಿದ ಹಾಗೆ ಎಲ್ಲ. ನೀರಿನ ಮೇಲೆ ಬರೀ ತಲೆಗಳು, ಕಿವಿಗಳು. ಮೋಟಾರು ನಿಧಾನಕ್ಕೆ ಇಳಿದರೆ ಉಸಿರುಗಟ್ಟಿದಂತೆ ತಡವರಿಸುತ್ತಿತ್ತು. ಏರಿಸಿದರೆ ಕುರಿಗಳು ಹಿಂದೆ ಬಿದ್ದು ಒದರುತ್ತಿದ್ದವು. ಅವಳು ಹಿಡಿಕೆಯನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗಿಸುತ್ತ, ಅದರ ಸದ್ದಿಗೆ ಕಿವಿ ಕೊಟ್ಟು ನಡೆಸಿದಳು. ದಂಡೆ ಮೆಲ್ಲಗೆ ಹತ್ತಿರವಾಯಿತು.

ಅರ್ಧ ದಾರಿ ದಾಟಿದ ಮೇಲೆ ಮುಂದಿದ್ದ ಒಂದು ಕಪ್ಪು ಬಣ್ಣದ ಹೆಣ್ಣುಕುರಿ, ಹೆದರಿಯೋ ಸುಸ್ತಾಗಿಯೋ, ಉಳಿದವನ್ನು ಬಿಟ್ಟು ಜೋರಾಗಿ ಈಸಿ ದೋಣಿಯ ಹಿಂಬದಿಗೇ ಬಂತು. ಅದರ ಮುಂಗಾಲು ಮೋಟಾರಿನ ಮಗ್ಗುಲಿಗೆ ಬಡಿಯಿತು. ಕೆಳಗೆ ಫ್ಯಾನು ತಿರುಗುತ್ತಿತ್ತು. ಯೋಚಿಸಲು ಹೊತ್ತಿರಲಿಲ್ಲ. ಅವಳು ಮೋಟಾರು ಬಂದ್ ಮಾಡಿದಳು.

ಒಮ್ಮೆಗೇ ಗಾಳಿಯ ಸದ್ದು ದೊಡ್ಡದಾಯಿತು. ದೋಣಿ ಅಡ್ಡ ತಿರುಗಿ ಜಾಲಿಯ ಕಡೆ ಸರಿಯಿತು. ಗಾದಿಲಿಂಗ ಗಳ ಊರಿ ತಡೆದ. ಉಜ್ಜಿನಪ್ಪ ಆ ಕುರಿಯ ಕಿವಿ, ಕುತ್ತಿಗೆ ಹಿಡಿದು ಒಳಗೆ ಎಳೆದುಕೊಂಡ. ಅವಳು ಹಗ್ಗ ಜಗ್ಗಿದಳು. ಇಲ್ಲ. ಮತ್ತೆ ಜಗ್ಗಿದಳು. ಇಲ್ಲ. ಮುಂದಿದ್ದ ಟಗರು ನಿಂತದ್ದನ್ನು ಕಂಡ ಕುರಿಗಳು ತಬ್ಬಿಬ್ಬಾದವು. ಹಿಂದಿನ ಗುಂಪು ಬಂಡೆಯ ಕಡೆಗೇ ತಿರುಗಿತು.

“ಜಗ್ಗಕ್ಕಾ,” ಉಜ್ಜಿನಪ್ಪ ಕಿರುಚಿದ, “ತಿರುಗಿದವು ನೋಡು, ಜಗ್ಗು.”

ಭುಜ ಕಿತ್ತುಬರುವ ಹಾಗೆ ಜಗ್ಗಿದಳು. ಪೆಟ್ರೋಲಿನ ವಾಸನೆ ಮೂಗಿಗೆ ಅಡರಿತು. ಆಗ ಅವಳು ಕೈ ಬಿಟ್ಟಳು. ಪೆಟ್ರೋಲು ಹೆಚ್ಚಾಗಿ ಪ್ಲಗ್ ತೊಯ್ದಿದೆ; ಹೀಗೇ ಜಗ್ಗಿದರೆ ಇನ್ನೂ ತೋಯುತ್ತದೆ. ಹಿಂದೆ ಇಂಥ ಹೊತ್ತಿನಲ್ಲಿ ಜಡೆಪ್ಪ ಬೀಡಿ ಸೇದುತ್ತ ಸುಮ್ಮನೆ ಕೂರುತ್ತಿದ್ದ, ಅವಳು ಬಯ್ಯುತ್ತಿದ್ದಳು. ಅವಳು ಪೆಟ್ರೋಲಿನ ನಲ್ಲಿ ಮುಚ್ಚಿ, ಹಿಡಿಕೆಯನ್ನು ಪೂರ್ತಿ ತಿರುಗಿಸಿ ಗಾಳಿಗೆ ದಾರಿ ಬಿಟ್ಟು ಕೂತಳು. ತಮ್ಮ ಏನೇನೋ ಒದರುತ್ತಿದ್ದ. ಅವಳು ಅತ್ತ ನೋಡಲಿಲ್ಲ. ಮೆಲ್ಲಗೆ ಒಮ್ಮೆ ಜಗ್ಗಿದಳು, ಮತ್ತೊಮ್ಮೆ ಜಗ್ಗಿದಳು. ಮೋಟಾರು ಸೀನಿತು. ಇನ್ನೊಂದು ಎಳೆತಕ್ಕೆ ಕಿವಿ ಹರಿಯುವ ಸದ್ದು ಮಾಡಿ ಎದ್ದಿತು. ಅವಳು ನಲ್ಲಿ ತೆರೆದಳು.

ಮುಂದಿನ ಗುಂಪು ಮತ್ತೆ ದೋಣಿಯ ಹಿಂದೆ ಬಂತು. ಗೊರಸು ನೆಲಕ್ಕೆ ತಾಗಿದ ಕೂಡಲೇ ಅವು ನೀರು ಕೊಡವಿಕೊಂಡು ತೂರಾಡುತ್ತ ದಂಡೆ ಏರಿದವು. ಹಿಂದಿನ ಗುಂಪಿನ ಕೆಲವು ತಾವೇ ದಾರಿ ಹಿಡಿದು ಬಂದವು. ಕೆಲವು ಜಾಲಿಮುಳ್ಳಿನಲ್ಲಿ ಸಿಕ್ಕವು. ಕೆಲವನ್ನು ತೆರೆ ಒಯ್ಯಿತು. ಗಾದಿಲಿಂಗ ಮತ್ತು ಅವಳು ಮುಳ್ಳಿನ ಹತ್ತಿರ ಹೋಗಿ ಸಿಕ್ಕಷ್ಟನ್ನು ಬಿಡಿಸಿದರು, ಕೈಯೆಲ್ಲ ರಕ್ತವಾಯಿತು. ಬೆಳಕು ಇಳಿಯುವ ಹೊತ್ತಿಗೆ ಬಂಡೆ ಕಾಣುತ್ತಿರಲಿಲ್ಲ.

ಸುತ್ತು ಹಾಕಿಕೊಂಡು ಮಲ್ಲೇಶನ ಆಟೋ ಆ ದಂಡೆಗೂ ಬಂದಿತ್ತು. ಜಡೆಪ್ಪ ಇಳಿದು, ಊರುಗೋಲು ಕೆಸರಿನಲ್ಲಿ ಹೂತು, ನೀರಿನ ಅಂಚಿನಲ್ಲಿ ನಿಂತಿದ್ದ. ಕೊಟ್ರಬಸಮ್ಮ ಇಳಿಯುತ್ತಲೇ ಅವನು ಅವಳ ಮುಳ್ಳು ಗೀರಿದ ಕೈಗಳನ್ನು ಒಂದೊಂದಾಗಿ ಎತ್ತಿ ತಿರುಗಿಸಿ ನೋಡಿದ. ಏನೂ ಅನ್ನಲಿಲ್ಲ, ಆ ಒಂದು ಶಬ್ದವನ್ನೂ.

ಉಜ್ಜಿನಪ್ಪ ಮಾತ್ರ ಸುಮ್ಮನಿರಲಿಲ್ಲ. ಹೋದ ಕುರಿಗಳನ್ನು ಹೆಸರು ಹಿಡಿದು ಕರೆದ. ಎಲ್ಲರ ಮುಂದೆ ಅಕ್ಕನಿಗೆ ಹೇಳಿದ: “ನೀ ಮೋಟರ್ ಬಂದ್ ಮಾಡದಿದ್ರ ಅವೂ ಬರ್ತಿದ್ದವು. ಒಂದು ಕುರಿ ಉಳಿಸಾಕ ಅಷ್ಟೂ ಕಳದಿ.”

“ಬಂದ್ ಮಾಡದಿದ್ರ ಅದರ ಕಾಲು ತುಂಡಾಗತಿತ್ತು. ಫ್ಯಾನ್ ಮುರದಿದ್ರ ನಾವೂ ಅಲ್ಲೇ ಉಳೀತಿದ್ವಿ.”

“ಉಳದಿದ್ರೂ ಆಗತಿತ್ತು.”

ಜಂಬಮ್ಮ ಗಂಡನ ತೋಳು ಹಿಡಿದು ಎಳೆದಳು. ಕೊಟ್ರಬಸಮ್ಮ ಮೋಟಾರು ಬಿಚ್ಚಿ ಆಟೋಗೆ ಏರಿಸಿದಳು. ಮರುದಿನ ಖಾನಾವಳಿಗೆ ರೊಟ್ಟಿ ಹೋಗಲಿಲ್ಲ.

ಆಮೇಲೆ ಅಕ್ಕ ತಮ್ಮನ ಮಾತು ನಿಂತಿತು. ಅವನು ಉಳಿದ ಕುರಿ ಹೊಡೆದುಕೊಂಡು ಸಂಡೂರು ಕಡೆ ಹೋದನೆಂದು ಜಂಬಮ್ಮ ಫೋನಿನಲ್ಲಿ ಹೇಳಿದಳು. ತಾನು ಬಂದ್ ಮಾಡಿದ್ದು ಸರಿಯೋ ತಪ್ಪೋ ಎಂದು ಕೊಟ್ರಬಸಮ್ಮ ರೊಟ್ಟಿ ಬಡಿಯುತ್ತ ಎಷ್ಟೋ ಬೆಳಗು ಯೋಚಿಸಿದಳು. ಒಂದು ದಿನ ಸರಿ ಅನ್ನಿಸುತ್ತಿತ್ತು, ಇನ್ನೊಂದು ದಿನ ಅನ್ನಿಸುತ್ತಿರಲಿಲ್ಲ. ಜಡೆಪ್ಪನನ್ನು ಕೇಳಿದಾಗ ಅವನು ಎಡಗೈಯನ್ನು ಫ್ಯಾನಿನಂತೆ ತಿರುಗಿಸಿ, ಥಟ್ಟನೆ ಮುಷ್ಟಿ ಕಟ್ಟಿ ನಿಲ್ಲಿಸಿ ತೋರಿಸಿದ. ತಾನೂ ಹಾಗೇ ಮಾಡುತ್ತಿದ್ದೆ ಎಂದು ಅವಳು ಅರ್ಥ ಮಾಡಿಕೊಂಡಳು.

ಅವನ ಮಾತು ಮರಳಲಿಲ್ಲ. ಆದರೆ ದಂಡೆಯ ಕಡೆಯಿಂದ ಒಬ್ಬೊಬ್ಬರಾಗಿ ರಿಪೇರಿಗೆಂದು ಬರತೊಡಗಿದರು; ಒಬ್ಬ ಹೊಲದ ಪೆಟ್ರೋಲ್ ಪಂಪು ತಂದ, ಕಂಪ್ಲಿಯಿಂದ ಒಬ್ಬ ಇಂಥದ್ದೇ ಹಳೆ ಮೋಟಾರು ಹೊತ್ತು ತಂದ. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನದ ಮೇಲೆ ಡ್ರಮ್ಮು. ಜಡೆಪ್ಪ ಕೈ ಮಾಡುವುದು, ಅವಳು ಬಿಚ್ಚುವುದು. ತಪ್ಪು ತಿಳಿದರೆ ಅವನು ಹೊರಸು ಗುದ್ದುತ್ತಿದ್ದ, ಅವಳು ಸ್ಪ್ಯಾನರ್ ಎಸೆದು ಒಳಗೆ ಹೋಗಿಬಿಡುತ್ತಿದ್ದಳು, ಬಂದವರು ಮುಜುಗರದಿಂದ ಕಾಯುತ್ತಿದ್ದರು. ಸ್ವಲ್ಪ ಹೊತ್ತಿಗೆ ತಾನೇ ಹೊರಗೆ ಬಂದು, “ಮತ್ತೊಮ್ಮಿ ತೋರಸ್ರಿ,” ಎನ್ನುತ್ತಿದ್ದಳು.

ಚಳಿಗಾಲದಲ್ಲಿ ಒಂದು ದಿನ ಉಜ್ಜಿನಪ್ಪ ಬಂದ. ಹೊಸ್ತಿಲ ಹೊರಗೇ ಕೂತ. ಅವಳು ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ಅವನು ತಲೆ ತಗ್ಗಿಸಿ ಉಂಡ. ಉಂಡು ಮುಗಿಸಿ ಕೈ ತೊಳೆಯುತ್ತ, “ಅವತ್ತು ಜಂಬಮ್ಮ ನಿನ್ನ ಕಾಲಿಗೆ ಬೀಳಬೇಕಂತ ಇದ್ಲು, ನಾನ ಬ್ಯಾಡ ಅಂದಿದ್ದೆ,” ಎಂದ.

“ಬೀಳೋದೇನ ಬ್ಯಾಡ. ಮುಂದಿನ ವರ್ಷ ಜಲ್ದಿ ಹೊರಗ ಬಾ.”

“ಹೂಂ,” ಎಂದ ಅವನು. ಆಮೇಲೆ ಹೊರಸಿನ ಪಕ್ಕಕ್ಕೆ ಹೋಗಿ, ಜಡೆಪ್ಪ ಬಿಚ್ಚಿಸುತ್ತಿದ್ದ ಪಂಪಿನ ಒಂದು ಬದಿಯನ್ನು ಅಲುಗಾಡದಂತೆ ಹಿಡಿದು ಕೂತ.